ಎಲ್ಲರೂ ನಗುಮುಖಕ್ಕೇ ಟಿಕ್ ಹಾಕಿದರೆ ಆಸಕ್ತಿ ಅಳೆದಂತಾಯಿತಾ?

ಪ್ರಶ್ನೆ: ನಾನು ಚಿತ್ರದುರ್ಗ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಈ ವರ್ಷ ಜೂನ್‌ನಿಂದ ತಿಂಗಳಿಗೆ ಎರಡು ಸಲ ಒಂದು ಸ್ವಯಂಸೇವಾ ಸಂಸ್ಥೆಯ ವಿಜ್ಞಾನ ವ್ಯಾನ್ ಬರುತ್ತಿದೆ. ಮಕ್ಕಳ ಕೈಯಲ್ಲಿ ಪ್ರಯೋಗ ಮಾಡಿಸುತ್ತಾರೆ. ಮಾರ್ಚ್ ಒಳಗೆ "ಮಕ್ಕಳ ಆಸಕ್ತಿ ಎಷ್ಟು ಹೆಚ್ಚಿದೆ" ಅಂತ ಅಂಕಿ-ಅಂಶದ ಸಮೇತ ವರದಿ ಕೊಡಿ ಅಂದಿದ್ದಾರೆ. ಏಳನೇ ತರಗತಿಯ 41 ಮಕ್ಕಳಿಗೆ ಐದು ಮುಖಗಳ ಹಾಳೆ ಕೊಟ್ಟೆ. 39 ಮಕ್ಕಳು ಎಲ್ಲಕ್ಕಿಂತ ದೊಡ್ಡ ನಗುಮುಖಕ್ಕೆ ಟಿಕ್ ಹಾಕಿದರು. ಆದರೆ ನನ್ನ ಪೀರಿಯಡ್‌ನಲ್ಲಿ ಪ್ರಶ್ನೆ ಕೇಳುವುದು ನಾಲ್ಕೇ ಮಕ್ಕಳು. ಯಾವುದನ್ನು ನಂಬಲಿ? ಆಸಕ್ತಿಯನ್ನು ನಿಜವಾಗಿ ಅಳೆಯೋಕೆ ಆಗುತ್ತಾ?

ಉತ್ತರ: ಮೇಡಂ, ಅರ್ಧ ಉತ್ತರವನ್ನು ನೀವೇ ಕಂಡುಕೊಂಡಿದ್ದೀರಿ. 39ಕ್ಕೂ 4ಕ್ಕೂ ತಾಳೆ ಆಗುತ್ತಿಲ್ಲ ಅನ್ನೋದು ನಿಮ್ಮ ಕಣ್ಣಿಗೆ ಬಿದ್ದಿದೆ. ಎಷ್ಟೋ ವರದಿಗಳು ಅಲ್ಲಿಯವರೆಗೂ ಹೋಗುವುದಿಲ್ಲ. 39ನ್ನು 41ರಿಂದ ಭಾಗಿಸಿ, ಶೇ 95 ಅಂತ ದಪ್ಪ ಅಕ್ಷರದಲ್ಲಿ ಬರೆದು, ವ್ಯಾನ್ ಮುಂದೆ ಮಕ್ಕಳು ನಿಂತ ಒಂದು ಫೋಟೊ ಅಂಟಿಸಿ ಕಳಿಸಿಬಿಡುತ್ತಾರೆ.

ನನ್ನನ್ನು ಕೇಳಿದರೆ ಎರಡನ್ನೂ ಪೂರ್ತಿ ನಂಬಬೇಡಿ. ಮೊದಲು ಆ 39 ಎಲ್ಲಿಂದ ಬಂತು ನೋಡೋಣ.

ಹಾಳೆ ಹಂಚಿದ್ದು ಯಾರು? ನೀವು. ವಾಪಸ್ ತೆಗೆದುಕೊಂಡಿದ್ದು? ನೀವೇ. ಮೇಲ್ಗಡೆ ಹೆಸರು, ರೋಲ್ ನಂಬರ್ ಬರೆಯೋಕೆ ಒಂದು ಗೆರೆ ಇತ್ತಾ? ಇದ್ದೇ ಇರುತ್ತದೆ. ಹೆಸರು ಬರೆದು ಕೊಡುವ ಹಾಳೆ ಅಂದರೆ ಮಕ್ಕಳ ಪಾಲಿಗೆ ಅದು ಪರೀಕ್ಷೆ. ಪರೀಕ್ಷೆ ಅಂದಮೇಲೆ ಅದಕ್ಕೊಂದು ಸರಿ ಉತ್ತರ ಇರಬೇಕು. ಐದು ಮುಖಗಳಲ್ಲಿ ಸರಿ ಉತ್ತರ ಯಾವುದು ಅಂತ ಏಳನೇ ಕ್ಲಾಸಿನ ಮಗುವಿಗೆ ಯಾರೂ ಹೇಳಿಕೊಡಬೇಕಿಲ್ಲ. ನೆಂಟರ ಮನೆಗೆ ಹೋದಾಗ "ಉಪ್ಪಿಟ್ಟು ಹೇಗಾಗಿದೆ?" ಅಂತ ಕೇಳಿದರೆ ನಾವೇನು ಹೇಳುತ್ತೇವೆ? ಚೆನ್ನಾಗಿದೆ ಅಂತಲೇ ಅಲ್ವಾ. ಆ ಮಾತು ಉಪ್ಪಿಟ್ಟಿಗೆ ಕೊಟ್ಟ ಅಂಕ ಅಲ್ಲ, ಬಡಿಸಿದವರಿಗೆ ಕೊಟ್ಟ ಮರ್ಯಾದೆ.

ಇದು ನಮ್ಮ ಕಡೆಯ ಮಕ್ಕಳ ಕತೆ ಮಾತ್ರ ಅಲ್ಲ. ಇಂಗ್ಲೆಂಡಿನ ಸಂಶೋಧಕಿ ಜಾನೆಟ್ ರೀಡ್ ತಮ್ಮ ಜೊತೆಗಾರರೊಂದಿಗೆ ಸೇರಿ ಇಂಥದ್ದೇ ಐದು ಮುಖಗಳ ಪಟ್ಟಿ ಮಾಡಿದ್ದರು. ಅದಕ್ಕೆ 'ಸ್ಮೈಲಿಯೊಮೀಟರ್' ಅಂತ ಹೆಸರಿಟ್ಟರು. ಮಕ್ಕಳು, ಅದರಲ್ಲೂ ಚಿಕ್ಕವರು, ಹೆಚ್ಚಾಗಿ ತುದಿಯ ಮುಖಕ್ಕೇ ಗುರುತು ಹಾಕುತ್ತಾರೆ ಅಂತ ತೋರಿಸಿಕೊಟ್ಟವರೂ ಅವರೇ. ತಾವು ಮಾಡಿದ ಉಪಕರಣದ ದೋಷವನ್ನು ತಾವೇ ಬರೆದವರು. ನಮ್ಮಲ್ಲಿ ಆ ಪಟ್ಟಿಯನ್ನು ಎಲ್ಲರೂ ಎತ್ತಿಕೊಂಡರು, ದೋಷದ ಮಾತನ್ನು ಮಾತ್ರ ಅಲ್ಲೇ ಬಿಟ್ಟರು.

ಇನ್ನೊಂದು ಪೇಚು ಇದೆ. ನಿಮ್ಮ ಹಾಳೆಯಲ್ಲಿ ಈಗಲೇ 39 ಮಕ್ಕಳು ತುದಿ ಮುಟ್ಟಿದ್ದಾರೆ. ಮಾರ್ಚ್‌ನಲ್ಲಿ ಅದೇ ಹಾಳೆ ಮತ್ತೆ ಕೊಟ್ಟರೆ ಅವರು ಇನ್ನೆಲ್ಲಿಗೆ ಏರಬೇಕು? ಮೊದಲ ಹನಿಗೇ ತುಂಬಿ ಹರಿಯುವ ಮಳೆಮಾಪಕ ಇಟ್ಟುಕೊಂಡು ಮುಂಗಾರು ಹೇಗಿತ್ತು ಅಂತ ಹೇಳೋಕೆ ಆಗಲ್ಲ. ವ್ಯಾನ್‌ನಿಂದ ನಿಜವಾಗಿಯೂ ಒಳ್ಳೆಯದಾಗಿದ್ದರೂ ಈ ಹಾಳೆಯಲ್ಲಿ ಅದು ಕಾಣಿಸುವುದಿಲ್ಲ.

ಮೂರನೆಯ ತೊಂದರೆ 'ವಿಜ್ಞಾನ' ಅನ್ನೋ ಪದದಲ್ಲೇ ಇದೆ. ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ.

ಕೆಲವು ವರ್ಷದ ಹಿಂದೆ ಶಿಡ್ಲಘಟ್ಟದ ಕಡೆ ಒಂದು ಹಳ್ಳಿ ಶಾಲೆಗೆ ಹೋಗಿದ್ದೆ. ನನ್ನ ಕೈಯಲ್ಲೂ ಇಂಥದ್ದೇ ಮುಖಗಳ ಹಾಳೆ. ಆರನೇ ತರಗತಿಯ ಒಬ್ಬ ಹುಡುಗ ವಿಜ್ಞಾನದ ಸಾಲಿನಲ್ಲಿ ಅಳುಮುಖಕ್ಕೆ ಟಿಕ್ ಹಾಕಿದ್ದ. ಸುಮ್ನೆ ಹಾಕಿದ್ದಲ್ಲ, ಪೆನ್ಸಿಲ್ ಒತ್ತಿ ಹಾಕಿದ್ದ. ನಾನು ಅವನ ಹೆಸರನ್ನು 'ಆಸಕ್ತಿ ಇಲ್ಲ' ಪಟ್ಟಿಗೆ ಸೇರಿಸಿದೆ. ಸಂಜೆ ಬಸ್ಸು ತಡ. ಬಸ್ ನಿಲ್ಲುವ ಜಾಗದ ಪಕ್ಕದಲ್ಲೇ ಅವನ ಮನೆ. "ಹುಳ ನೋಡ್ತೀರಾ ಸಾರ್?" ಅಂತ ಕರೆದುಕೊಂಡು ಹೋದ. ಒಳಗೆ ಸಾಲಾಗಿ ತಟ್ಟೆಗಳು, ಹಿಪ್ಪುನೇರಳೆ ಸೊಪ್ಪಿನ ವಾಸನೆ. "ಜ್ವರಕ್ಕೆ ಹೋಗಿವೆ ಸಾರ್, ಮುಟ್ಟಬೇಡಿ" ಅಂದ. ರೇಷ್ಮೆ ಹುಳ ಪೊರೆ ಕಳಚುವುದಕ್ಕೆ ಆ ಕಡೆ ಜ್ವರ ಅಂತಾರೆ. ಗೂಡು ಕಟ್ಟುವ ಮೊದಲು ನಾಲ್ಕು ಜ್ವರ ಆಗಬೇಕು. ತಲೆ ಎತ್ತಿಕೊಂಡು ಅಲ್ಲಾಡದೆ ನಿಂತ ಹುಳ ಯಾವುದು, ಇನ್ನೂ ಮೇಯುತ್ತಿರುವುದು ಯಾವುದು ಅಂತ ಬೆರಳು ತೋರಿಸಿ ಹೇಳಿದ. ಮೂಲೆಯಲ್ಲಿ ಒಂದು ಚಿಕ್ಕ ತಟ್ಟೆ ಬೇರೆ ಇಟ್ಟಿದ್ದ. ಅದೇನು ಅಂದೆ. "ಇವು ಹಿಂದೆ ಬಿದ್ದ ಹುಳ. ಎಷ್ಟು ಹೊತ್ತು ಲೇಟಾಗಿ ಏಳ್ತವೆ ನೋಡೋಣ ಅಂತ ಬೇರೆ ಇಟ್ಟೆ" ಅಂದ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೀಟುಗಳು.

"ಇದೂ ವಿಜ್ಞಾನ ಅಲ್ವೇನೋ?" ಅಂದೆ.

"ವಿಜ್ಞಾನ ಅಲ್ಲ ಸಾರ್, ಹುಳ."

ಅವನಿಗೆ ವಿಜ್ಞಾನ ಅಂದರೆ ಒಂದು ಪುಸ್ತಕ, ಒಂದು ಪೀರಿಯಡ್, ಎಂದರೇನು ಅಂತ ಕೊನೆಯಾಗುವ ಹತ್ತು ಪ್ರಶ್ನೆ. ಅದಕ್ಕೆ ಅಳುಮುಖ ಹಾಕಿದ್ದ. ತಪ್ಪು ಅವನ ಟಿಕ್‌ನಲ್ಲಿ ಇರಲಿಲ್ಲ. ನಾನು ಕೇಳಿದ್ದು ಒಂದು, ಅರ್ಥ ಮಾಡಿಕೊಂಡಿದ್ದು ಇನ್ನೊಂದು.

ಇಂಗ್ಲಿಷಿನಿಂದ ಅನುವಾದ ಆಗಿ ಬರುವ ಪ್ರಶ್ನಾವಳಿಗಳಲ್ಲಿ ಈ ರೋಗ ಇನ್ನೂ ಜಾಸ್ತಿ. "ನಾನು ವಿಜ್ಞಾನದ ಕಲಿಕೆಯನ್ನು ಆನಂದಿಸುತ್ತೇನೆ" ಅನ್ನೋ ವಾಕ್ಯ ನೋಡಿರುತ್ತೀರಿ. ಯಾವ ಮಗು ಹೀಗೆ ಮಾತಾಡುತ್ತೆ? ಮಕ್ಕಳು ಕಣ್ಣು ಮುಚ್ಚಿ ಟಿಕ್ ಹಾಕುತ್ತಿಲ್ಲ ಅಂತ ಖಚಿತ ಮಾಡಿಕೊಳ್ಳೋಕೆ ನಡುವೆ ಒಂದೆರಡು ಉಲ್ಟಾ ವಾಕ್ಯ ಸೇರಿಸುತ್ತಾರೆ: "ವಿಜ್ಞಾನ ನನಗೆ ಇಷ್ಟವಾಗುವುದಿಲ್ಲ". ಅದರ ಪಕ್ಕದಲ್ಲಿ "ಒಪ್ಪುವುದಿಲ್ಲ" ಅನ್ನೋ ಖಾನೆ. ಎರಡು 'ಇಲ್ಲ' ಸೇರಿದರೆ ಏನು ಅರ್ಥ ಅಂತ ನಾನೇ ಒಂದು ಸಲ ನಿಂತು ಯೋಚಿಸಬೇಕು. ಹನ್ನೆರಡು ವರ್ಷದ ಮಗುವಿನ ಗತಿ ಏನು?

ಈಗ ವ್ಯಾನ್ ವಿಷಯಕ್ಕೆ ಬರೋಣ. ವ್ಯಾನ್ ಬಂದ ದಿನ ಮಕ್ಕಳು ಕುಣಿಯುತ್ತಾರೆ, ನಿಜ. ಆಸಕ್ತಿ ಅನ್ನೋದು ಹಂತ ಹಂತವಾಗಿ ಬೆಳೆಯುತ್ತದೆ ಅಂತ ಸುಝಾನ್ ಹೀಡಿ ಮತ್ತು ಆನ್ ರೆನಿಂಗರ್ ಅನ್ನೋ ಇಬ್ಬರು ಸಂಶೋಧಕಿಯರು 2006ರಲ್ಲಿ ನಾಲ್ಕು ಹಂತ ಬರೆದರು. ಮೊದಲನೆಯದು ಏನೋ ಹೊಸದು ಕಂಡು ಥಟ್ ಅಂತ ಹುಟ್ಟುವ ಕುತೂಹಲ. ಎರಡನೆಯದು ಯಾರೋ ನೀರೆರೆಯುವವರೆಗೆ ಉಳಿಯುವುದು. ಮೂರನೆಯದರಲ್ಲಿ ಮಗು ತಾನಾಗಿಯೇ ಅದರ ಹತ್ತಿರ ವಾಪಸ್ ಬರಲು ಶುರು ಮಾಡುತ್ತದೆ. ನಾಲ್ಕನೆಯದು ಬಿಡಿಸಿದರೂ ಬಿಡದ ಗೀಳು. ಸೌದೆ ಒಲೆ ಹಚ್ಚಿದವರಿಗೆ ಇದು ಗೊತ್ತು. ಕಡ್ಡಿ ಗೀರಿದಾಗ ಬರುವ ಬೆಳಕೇ ಬೇರೆ, ಸೌದೆ ಹತ್ತಿಕೊಳ್ಳೋದೇ ಬೇರೆ. ವ್ಯಾನ್ ನಿಂತಿರುವಾಗಲೇ ಹಾಳೆ ಹಂಚಿ ಅಳೆದರೆ ನೀವು ಅಳೆಯುವುದು ಕಡ್ಡಿಯ ಬೆಳಕನ್ನು. ವ್ಯಾನ್ ಹೋಗಿ ಹತ್ತು ದಿನ ಆದಮೇಲೆ ಏನು ಉಳಿದಿದೆ ಅನ್ನೋದು ಆಸಕ್ತಿಯ ಲೆಕ್ಕ.

'ತೊಡಗುವಿಕೆ' ಅನ್ನೋದು ಇದಕ್ಕಿಂತ ಸ್ವಲ್ಪ ಬೇರೆ. 2004ರಲ್ಲಿ ಫ್ರೆಡ್ರಿಕ್ಸ್, ಬ್ಲೂಮೆನ್‌ಫೆಲ್ಡ್, ಪ್ಯಾರಿಸ್ ಅನ್ನೋ ಮೂವರು ಅದನ್ನು ಮೂರಾಗಿ ವಿಂಗಡಿಸಿದರು: ಮೈಕೈ ತೊಡಗುವುದು, ಮನಸ್ಸು ತೊಡಗುವುದು, ತಲೆ ತೊಡಗುವುದು. ಮೂರೂ ಯಾವಾಗಲೂ ಒಟ್ಟಿಗೆ ಬರುವುದಿಲ್ಲ. ಯಾವುದೇ ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಶಾಲಾ ಪ್ರವಾಸದ ದಿನ ಹೋಗಿ ನೋಡಿ. ಮಕ್ಕಳು ಒಂದು ಬಟನ್ ಒತ್ತಿ, ಏನಾಯಿತು ಅಂತ ನೋಡುವ ಮೊದಲೇ ಮುಂದಿನ ಬಟನ್‌ಗೆ ಓಡಿರುತ್ತಾರೆ. ಕೈಗೆ ಕೆಲಸ ಇದೆ, ಖುಷಿ ಇದೆ, ತಲೆ ಮಾತ್ರ ಇನ್ನೂ ಬಸ್ಸಿನಲ್ಲೇ ಇದೆ. ಅದೇ ಹೊತ್ತಿಗೆ ತರಗತಿಯ ಮೂಲೆಯಲ್ಲಿ ಕೈಕಟ್ಟಿ ಕೂತ ಮಗುವಿನ ತಲೆ ಭರ್ಜರಿ ಓಡುತ್ತಿರಬಹುದು. ಗಲಾಟೆ ಇದ್ದರೆ ಆಸಕ್ತಿ, ಮೌನ ಇದ್ದರೆ ಬೇಸರ ಅನ್ನೋ ಲೆಕ್ಕ ನಡೆಯಲ್ಲ.

ಬೇರೆ ಶಾಲೆಗಳ ಜೊತೆ, ಬೇರೆ ದೇಶಗಳ ಜೊತೆ ಹೋಲಿಸಿ ಅಂತ ಯಾರಾದರೂ ಹೇಳಿದರೆ ಹುಷಾರು. ನಾರ್ವೆಯ ಶೋಬರ್ಗ್ ಮತ್ತು ಶ್ರೈನರ್ ನಡೆಸಿದ 'ರೋಸ್' ಅನ್ನೋ ಸಮೀಕ್ಷೆಯಲ್ಲಿ ಸುಮಾರು 40 ದೇಶಗಳ 15 ವರ್ಷದ ಮಕ್ಕಳನ್ನು ಕೇಳಿದ್ದರು. ಉಗಾಂಡ, ಬಾಂಗ್ಲಾದೇಶದ ಮಕ್ಕಳು ಶಾಲೆಯ ವಿಜ್ಞಾನ ತುಂಬಾ ಇಷ್ಟ ಅಂದರು. ನಾರ್ವೆ, ಜಪಾನ್, ಇಂಗ್ಲೆಂಡಿನ ಮಕ್ಕಳು ಅಷ್ಟೇನಿಲ್ಲ ಅಂದರು. ದೇಶ ಶ್ರೀಮಂತ ಆದಷ್ಟೂ ಈ 'ಇಷ್ಟ' ಇಳಿಯುತ್ತಾ ಹೋಗಿತ್ತು. 1995ರಿಂದ ನಾಲ್ಕು ವರ್ಷಕ್ಕೊಮ್ಮೆ ನಡೆಯುವ 'ಟಿಮ್ಸ್' ಅನ್ನೋ ಅಂತರರಾಷ್ಟ್ರೀಯ ಗಣಿತ-ವಿಜ್ಞಾನ ಪರೀಕ್ಷೆಯಲ್ಲೂ ಇಂಥದ್ದೇ ಒಗಟು. ಒಂದೇ ದೇಶದೊಳಗೆ ನೋಡಿದರೆ ವಿಜ್ಞಾನ ಇಷ್ಟ ಅನ್ನುವ ಮಕ್ಕಳಿಗೆ ಅಂಕ ಜಾಸ್ತಿ. ದೇಶ ದೇಶ ಹೋಲಿಸಿದರೆ ಉಲ್ಟಾ: ಜಪಾನ್, ಕೊರಿಯಾದ ಮಕ್ಕಳು ಅಂಕದಲ್ಲಿ ಮುಂದೆ, ಇಷ್ಟದಲ್ಲಿ ಹಿಂದೆ. 'ತುಂಬಾ ಇಷ್ಟ' ಅನ್ನೋ ಮಾತಿನ ತೂಕ ಊರಿಂದ ಊರಿಗೆ ಬದಲಾಗುತ್ತದೆ. ಕೆಲವರು ಧಾರಾಳವಾಗಿ ಹೊಗಳುತ್ತಾರೆ, ಕೆಲವರು ಬಿಗಿ. ನಿಮ್ಮ ಶಾಲೆಯನ್ನು ನಿಮ್ಮ ಶಾಲೆಯ ಜೊತೆಗೇ ಹೋಲಿಸಿ. ಅಷ್ಟು ಸಾಕು.

ಇನ್ನು ಆ ನಾಲ್ಕು. ಬೇಜಾರು ಮಾಡಿಕೊಳ್ಳಬೇಡಿ ಮೇಡಂ, ಆ ಸಂಖ್ಯೆಯಲ್ಲಿ ನಿಮ್ಮ ಪಾಲೂ ಇರಬಹುದು. ಅಮೆರಿಕದ ಮೇರಿ ಬಡ್ ರೋ ಅನ್ನುವವರು ವಿಜ್ಞಾನದ ಪಾಠಗಳನ್ನು ಟೇಪ್ ಮಾಡಿ, ಕೂತು ಕೇಳಿದರು. ಟೀಚರ್ ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಎಷ್ಟು ಹೊತ್ತು ಕಾಯುತ್ತಾರೆ ಅಂತ ಅಳೆದರು. ಸರಾಸರಿ ಒಂದು ಸೆಕೆಂಡು! ಅಷ್ಟರಲ್ಲಿ ಇನ್ನೊಬ್ಬರನ್ನು ಕೇಳುತ್ತಾರೆ, ಇಲ್ಲವೇ ತಾವೇ ಉತ್ತರ ಹೇಳಿಬಿಡುತ್ತಾರೆ. ಆ ಕಾಯುವಿಕೆಯನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, 'ಗೊತ್ತಿಲ್ಲ' ಕಡಿಮೆಯಾಯಿತು, ಮಕ್ಕಳೇ ಕೇಳುವ ಪ್ರಶ್ನೆಗಳು ಹೆಚ್ಚಾದವು. ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿ ಬಿಟ್ಟರು. ಮಕ್ಕಳು ಅವರೇ, ಪಾಠವೂ ಅದೇ. ಒಂದು ವಾರ ಮನಸ್ಸಿನಲ್ಲೇ ಒಂದು, ಎರಡು, ಮೂರು ಅಂತ ಎಣಿಸಿ ನೋಡಿ. ಮೊದಮೊದಲು ಆ ಮೌನ ತುಂಬಾ ಉದ್ದ ಅನಿಸುತ್ತದೆ, ಬಾಯಿ ತುರಿಸುತ್ತದೆ. ನಾಲ್ಕು ಹತ್ತಾದರೆ ಅದು ವ್ಯಾನ್‌ನ ಸಾಧನೆ ಅಲ್ಲ ಅಂತ ವರದಿಯಲ್ಲಿ ಪ್ರಾಮಾಣಿಕವಾಗಿ ಬರೆಯಬೇಕಾಗುತ್ತದೆ, ಅದು ಬೇರೆ ಮಾತು.

ಹಾಗಾದರೆ ಏನು ಅಳೆಯಬೇಕು? ನನಗೆ ಅತಿ ಹೆಚ್ಚು ನಂಬಿಕೆ ಇರುವುದು ಒಂದು ತಗಡಿನ ಡಬ್ಬಿಯ ಮೇಲೆ.

ಹಳೇ ಬಿಸ್ಕತ್ ಡಬ್ಬಿ ತಗೊಳ್ಳಿ, ಮುಚ್ಚಳದಲ್ಲಿ ಸೀಳು ಮಾಡಿ, ತರಗತಿಯ ಬಾಗಿಲ ಹತ್ತಿರ ಇಡಿ. ನಿಮ್ಮ ಮೇಜಿನ ಮೇಲೆ ಬೇಡ. ಪಕ್ಕದಲ್ಲಿ ಕತ್ತರಿಸಿದ ಚೀಟಿಗಳು. ಯಾವ ಪ್ರಶ್ನೆ ಬೇಕಾದರೂ ಬರೆದು ಹಾಕಬಹುದು. ಹೆಸರು ಬೇಡ. ಆದರೆ ಪ್ರತಿ ಮಗುವೂ ತನ್ನದೇ ಒಂದು ಗುಟ್ಟಿನ ಗುರುತು ಇಟ್ಟುಕೊಳ್ಳಲಿ: ಮೀನು, ನಕ್ಷತ್ರ, ಗಾಳಿಪಟ, ಏನಾದರೂ. ಆಗ ಮೂವತ್ತು ಚೀಟಿ ಬಂದರೆ ಅದು ಮೂವತ್ತು ಮಕ್ಕಳದ್ದಾ, ಇಲ್ಲ ಇಬ್ಬರು ಉತ್ಸಾಹಿಗಳದ್ದಾ ಅಂತ ಹೆಸರು ಗೊತ್ತಿಲ್ಲದೆಯೇ ತಿಳಿಯುತ್ತದೆ. ಕಾಗುಣಿತ ತಿದ್ದಬೇಡಿ. ಶನಿವಾರ ಡಬ್ಬಿ ತೆರೆದು ಎರಡು ಪ್ರಶ್ನೆ ಓದಿ, ಮಾತಾಡಿ. ನಿಮಗೆ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ. ಯಾರೂ ತೆರೆಯದ ಡಬ್ಬಿಗೆ ಎರಡನೇ ವಾರಕ್ಕೆ ಜೇಡ ಬಲೆ ಕಟ್ಟುತ್ತದೆ.

ಬಂದ ಚೀಟಿಗಳನ್ನು ಮೂರು ಗುಡ್ಡೆ ಮಾಡಿ. ಮೊದಲನೆಯದು ಪಾಠದ ಗುಡ್ಡೆ: "ದ್ಯುತಿಸಂಶ್ಲೇಷಣೆ ಎಂದರೇನು?" ಇದು ಪುಸ್ತಕದಿಂದ ಇಳಿಸಿದ್ದು, ಟೀಚರಿಗೆ ಖುಷಿಯಾಗಲಿ ಅಂತ. ಎರಡನೆಯದು ಕಣ್ಣಾರೆ ಕಂಡದ್ದರ ಗುಡ್ಡೆ: "ಹುಣಸೆಹಣ್ಣು ಉಜ್ಜಿದರೆ ಹಿತ್ತಾಳೆ ಚೊಂಬು ಯಾಕೆ ಹೊಳೆಯುತ್ತೆ?" ಮೂರನೆಯದು ಬೆನ್ನು ಹತ್ತಿದ್ದರ ಗುಡ್ಡೆ: "ಹುಣಸೆ ಬದಲು ನಿಂಬೆಹಣ್ಣಲ್ಲಿ ಉಜ್ಜಿದೆ, ಹೊಳೀತು. ಮಜ್ಜಿಗೆಲೂ ಹೊಳೆಯುತ್ತಾ?" ಈ ಮಗು ಮನೆಗೆ ಹೋಗಿ, ಅಮ್ಮನ ಚೊಂಬು ತೆಗೆದು, ಏನೋ ಮಾಡಿ ನೋಡಿದೆ. ಯಾರೂ ಅಂಕ ಕೊಡಲ್ಲ ಅಂತ ಗೊತ್ತಿದ್ದೂ ಮಾಡಿದೆ. ಮೂರನೇ ಗುಡ್ಡೆಯಲ್ಲಿ ತಿಂಗಳಿಗೆ ಮೂರು ಚೀಟಿ ಸಿಕ್ಕರೂ ಅದು ದೊಡ್ಡ ವಿಷಯ. ಮೊದಲ ಎರಡು ವಾರದ ಚೀಟಿಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹೊಸ ಡಬ್ಬಿ ಅಂತ ಎಲ್ಲರೂ ಏನಾದರೂ ಬರೆದು ಹಾಕುತ್ತಾರೆ, ಕೆಲವರು ನಿಮ್ಮ ವಯಸ್ಸನ್ನೂ ಕೇಳುತ್ತಾರೆ.

ಇದು ನಾನು ಕಂಡುಹಿಡಿದದ್ದೇನಲ್ಲ. ಮಧ್ಯಪ್ರದೇಶದಲ್ಲಿ 1972ರಲ್ಲಿ 16 ಶಾಲೆಗಳಲ್ಲಿ ಹೊಶಂಗಾಬಾದ್ ವಿಜ್ಞಾನ ಕಾರ್ಯಕ್ರಮ ಶುರುವಾಯಿತು. ಆಮೇಲೆ ಅದನ್ನು ನಡೆಸಿದ್ದು ಏಕಲವ್ಯ ಸಂಸ್ಥೆ. 2002ರಲ್ಲಿ ರಾಜ್ಯ ಸರ್ಕಾರ ಅದನ್ನು ನಿಲ್ಲಿಸಿತು. ಆ ಕಾರ್ಯಕ್ರಮದಲ್ಲಿ 'ಸವಾಲಿರಾಮ್' ಅಂತ ಒಬ್ಬ ಇದ್ದ. ನಿಜವಾದ ಮನುಷ್ಯ ಅಲ್ಲ, ಕಟ್ಟಿದ ಪಾತ್ರ. ಏನೇ ಸಂಶಯ ಬಂದರೂ ಸವಾಲಿರಾಮನಿಗೆ ಕಾಗದ ಬರೆಯಿರಿ ಅಂತ ಮಕ್ಕಳಿಗೆ ಹೇಳಿದ್ದರು. ಹಳ್ಳಿ ಮಕ್ಕಳು ಬರೆದರು, ಉತ್ತರವೂ ಹೋಗುತ್ತಿತ್ತು. ಒಂದು ಪೋಸ್ಟ್ ಕಾರ್ಡಿಗೆ ಕಾಸು ಹೊಂದಿಸಿ, ಬರೆದು, ಅಂಚೆ ಡಬ್ಬಿವರೆಗೆ ನಡೆದು ಹೋಗುವ ಮಗುವಿನ ಆಸಕ್ತಿಗೆ ನಗುಮುಖದ ಸಾಕ್ಷಿ ಬೇಕಾ?

ಡಬ್ಬಿಯ ಜೊತೆಗೆ ಇನ್ನೊಂದು ಮಾಡಿ. ಬಿಸಿಯೂಟ ಆದಮೇಲೆ ಸಿಗುವ ಹೊತ್ತಿನಲ್ಲಿ ಒಂದು ಮೇಜಿನ ಮೇಲೆ ಆಯಸ್ಕಾಂತ, ಭೂತಕನ್ನಡಿ, ಬ್ಯಾಟರಿ, ಬಲ್ಬು, ತಂತಿ ಇಡಿ. ಯಾರನ್ನೂ ಕರೆಯಬೇಡಿ, ಯಾರನ್ನೂ ಓಡಿಸಬೇಡಿ. ಆಟದ ಮೈದಾನ ತೆರೆದಿರಲಿ. ಎದುರಿಗೆ ಕಬಡ್ಡಿ ಇದ್ದೂ ಮೇಜಿನ ಹತ್ತಿರ ಯಾರು ಬಂದರು, ಮಾರನೇ ದಿನ ಯಾರು ಮತ್ತೆ ಬಂದರು ಅಂತ ಗುರುತು ಹಾಕಿಕೊಳ್ಳಿ. 'ಮತ್ತೆ ಬಂದವರು' ಅನ್ನೋ ಖಾನೆಗೆ ಬೆಲೆ ಜಾಸ್ತಿ.

ಹೀಗೆ ಒಂದು ಶಾಲೆಯಲ್ಲಿ ನೋಡುತ್ತಾ ಕೂತಿದ್ದಾಗ ಒಬ್ಬ ಹುಡುಗಿ ಬಂದಳು. ನನ್ನ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಪ್ರಶ್ನೆ ಸೊನ್ನೆ, ಕೈ ಎತ್ತಿದ್ದು ಸೊನ್ನೆ. ಆಯಸ್ಕಾಂತ ತಗೊಂಡು ಹೊರಗಿನ ಮರಳಲ್ಲಿ ಎಳೆದಳು. ಕಪ್ಪು ಪುಡಿ ಮೀಸೆ ಥರ ಅಂಟಿಕೊಂಡಿತು. ಅದನ್ನು ಬಿಡಿಸೋಕೆ ಹೋದರೆ ಬರಲ್ಲ. ಉಗುರಲ್ಲಿ ಕೆರೆದಳು, ಲಂಗಕ್ಕೆ ಒರೆಸಿದಳು, ಊದಿದಳು. ಬೆಲ್ ಹೊಡೆಯಿತು, ಹೋದಳು. ಮಾರನೇ ದಿನ ಒಂದು ಖಾಲಿ ಹಾಲಿನ ಕವರ್ ತಂದಿದ್ದಳು. ಆಯಸ್ಕಾಂತವನ್ನು ಅದರೊಳಗೆ ಇಟ್ಟು ಮರಳಲ್ಲಿ ಎಳೆದಳು. ಪುಡಿ ಕವರಿಗೆ ಅಂಟಿತು. ಒಂದು ಕಾಗದದ ಮೇಲೆ ಹಿಡಿದು, ಆಯಸ್ಕಾಂತವನ್ನು ಕವರಿನಿಂದ ಹೊರಗೆ ಎಳೆದಳು. ಪುಡಿಯೆಲ್ಲ ಉದುರಿ ಬಿತ್ತು. ಯಾರ ಕಡೆಗೂ ನೋಡಲಿಲ್ಲ. ರಾತ್ರಿಯೆಲ್ಲ ಅದು ಅವಳ ತಲೆಯಲ್ಲಿ ಇತ್ತು ಅಂತ ಆ ಹಾಲಿನ ಕವರ್ ಹೇಳುತ್ತಿತ್ತು. ನನ್ನ ಪುಸ್ತಕದಲ್ಲಿ ಅದಕ್ಕೆ ಖಾನೆಯೇ ಇರಲಿಲ್ಲ. ಅವತ್ತು ಹೊಸದಾಗಿ ಒಂದು ಗೆರೆ ಎಳೆದುಕೊಂಡೆ.

ಒಂದು ಎಚ್ಚರಿಕೆ. ಡಬ್ಬಿಗಾಗಲಿ ಮೇಜಿಗಾಗಲಿ ಬಹುಮಾನ ಇಡಬೇಡಿ. 1973ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನರ್ಸರಿಯಲ್ಲಿ ಲೆಪ್ಪರ್, ಗ್ರೀನ್, ನಿಸ್‌ಬೆಟ್ ಒಂದು ಪ್ರಯೋಗ ಪ್ರಕಟಿಸಿದರು. ಬಣ್ಣದ ಮಾರ್ಕರ್‌ನಲ್ಲಿ ಚಿತ್ರ ಬಿಡಿಸೋದು ಇಷ್ಟ ಇದ್ದ ಪುಟ್ಟ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ "ಚಿತ್ರ ಬಿಡಿಸಿದರೆ ಸರ್ಟಿಫಿಕೇಟ್ ಕೊಡ್ತೀವಿ" ಅಂತ ಮೊದಲೇ ಹೇಳಿದರು. ಹೊಳೆಯುವ ಮುದ್ರೆ, ರಿಬ್ಬನ್ ಎಲ್ಲ ಇದ್ದ ಸರ್ಟಿಫಿಕೇಟ್. ಒಂದೆರಡು ವಾರ ಬಿಟ್ಟು, ಬಿಡುವಿನ ವೇಳೆಯಲ್ಲಿ ಯಾರು ಎಷ್ಟು ಹೊತ್ತು ಮಾರ್ಕರ್ ಹಿಡಿಯುತ್ತಾರೆ ಅಂತ ಮಕ್ಕಳಿಗೆ ಕಾಣದ ಹಾಗೆ ನೋಡಿದರು. ಸರ್ಟಿಫಿಕೇಟಿನ ಆಸೆ ತೋರಿಸಿದ ಮಕ್ಕಳು ಉಳಿದವರ ಹೆಚ್ಚುಕಡಿಮೆ ಅರ್ಧದಷ್ಟು ಹೊತ್ತು ಮಾತ್ರ ಹಿಡಿದರು. ನಮ್ಮ ವಿಜ್ಞಾನ ಮೇಳಗಳ ನೆನಪಾಗುತ್ತದೆ. ಥರ್ಮಾಕೋಲ್ ಕತ್ತರಿಸಿದ್ದು ಅಪ್ಪ, ಬಣ್ಣ ಬಳಿದದ್ದು ಅಕ್ಕ, ಕಂಠಪಾಠ ಮಾತ್ರ ಮಗುವಿನದ್ದು. "ಅತಿ ಹೆಚ್ಚು ಪ್ರಶ್ನೆ ಹಾಕಿದವರಿಗೆ ಪೆನ್ನು" ಅಂತ ನೀವು ಘೋಷಿಸಿದ ದಿನವೇ ಡಬ್ಬಿ ತುಂಬುತ್ತದೆ. ಆದರೆ ಆವತ್ತಿನಿಂದ ಅದು ಅಳೆಯುವುದು ಪೆನ್ನಿನ ಆಸೆಯನ್ನು.

ತರಗತಿಯೊಳಗಿನ ತೊಡಗುವಿಕೆಗೆ ಸರಳವಾದ ದಾರಿ ಇದೆ. ಹಾಜರಿ ಪುಸ್ತಕದಿಂದ ಚೀಟಿ ಎತ್ತಿ ಆರು ಮಕ್ಕಳನ್ನು ಆರಿಸಿ. ಮುಂದಿನ ಬೆಂಚಿನವರೇ ಬೇಡ. ಐದು ನಿಮಿಷಕ್ಕೊಮ್ಮೆ ಆ ಆರು ಮಕ್ಕಳ ಕಡೆ ಕಣ್ಣು ಹಾಯಿಸಿ, ಕೆಲಸದಲ್ಲಿ ಮುಳುಗಿದ್ದಾರಾ, ಸುಮ್ನೆ ಕೂತಿದ್ದಾರಾ, ಬೇರೆ ಕಡೆ ಇದ್ದಾರಾ ಅಂತ ಒಂದು ಗುರುತು. 40 ನಿಮಿಷದ ಪೀರಿಯಡ್‌ನಲ್ಲಿ 48 ಗುರುತು ಸಿಗುತ್ತದೆ. ಪಾಠ ಮಾಡುತ್ತಾ ಇದನ್ನೂ ಮಾಡೋಕೆ ಆಗಲ್ಲ. ಸಹೋದ್ಯೋಗಿಯೊಬ್ಬರನ್ನು ಹಿಂದೆ ಕೂರಿಸಿ, ಅವರ ಪಾಠಕ್ಕೆ ನೀವು ಹೋಗಿ ಕೂರಿ. ಮುಳುಗುವಿಕೆ ಗುರುತಿಸೋದು ಹೇಗೆ? ಬೆಲ್ಜಿಯಂನ ಫೆರ್ ಲಾವರ್ಸ್ ಇದಕ್ಕೆ ಐದು ಮಟ್ಟದ ಒಂದು ಅಳತೆ ಮಾಡಿದ್ದಾರೆ. ಅವರು ನೋಡಿ ಅನ್ನುವುದು ಮುಖದ ಭಾವ, ಪಟ್ಟು, ಸೂಕ್ಷ್ಮ ಕೆಲಸಕ್ಕೆ ಕೊಡುವ ಗಮನ ಇಂಥವನ್ನು. ಪಕ್ಕದವನು ಕರೆದರೂ ತಲೆ ಎತ್ತದ ಮಗುವನ್ನು ಗುರುತಿಸೋಕೆ ತರಬೇತಿ ಬೇಕಿಲ್ಲ ಬಿಡಿ.

ಹಾಳೆ ಬೇಕೇ ಬೇಕು ಅಂದರೆ ಮುಖಗಳನ್ನು ಬಿಟ್ಟು ಆಯ್ಕೆ ಕೊಡಿ. ಜಾನೆಟ್ ರೀಡ್ ಅವರದ್ದೇ ಇನ್ನೊಂದು ಹಾಳೆ ಇದೆ. ಮಾಡಿದ ಕೆಲಸಗಳ ಪಟ್ಟಿ ಕೊಟ್ಟು, ಮತ್ತೆ ಮಾಡ್ತೀಯಾ ಅಂತ ಕೇಳುವುದು: ಹೂಂ, ಇರಬಹುದು, ಬೇಡ. ಅದಕ್ಕೆ ನಾನೊಂದು ಸೇರಿಸುತ್ತೇನೆ. "ಶನಿವಾರ ಒಂದು ಪೀರಿಯಡ್ ಖಾಲಿ ಇದೆ. ಆಟ, ಕತೆ ಪುಸ್ತಕ, ಚಿತ್ರ, ವ್ಯಾನಿನ ಪ್ರಯೋಗ. ಒಂದನ್ನೇ ಆರಿಸು." ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕಾದಾಗ ಮಕ್ಕಳು ಸುಳ್ಳು ಹೇಳುವುದು ಕಡಿಮೆ.

ವಿಜ್ಞಾನಿಯ ಚಿತ್ರ ಬರೆಸಿ ಅಂತಲೂ ಯಾರಾದರೂ ಹೇಳಬಹುದು. ಚೇಂಬರ್ಸ್ ಅನ್ನುವವರು 1983ರಲ್ಲಿ ಪ್ರಕಟಿಸಿದ ಹಳೆಯ ಪರೀಕ್ಷೆ ಅದು. 4,807 ಮಕ್ಕಳ ಚಿತ್ರಗಳಲ್ಲಿ ವಿಜ್ಞಾನಿ ಹೆಂಗಸಾಗಿದ್ದದ್ದು 28ರಲ್ಲಿ ಮಾತ್ರ. ಆ 28ನ್ನೂ ಬರೆದವರು ಹುಡುಗಿಯರೇ. ಚಿತ್ರ ಚೆನ್ನಾಗಿರುತ್ತದೆ, ಚರ್ಚೆಗೂ ಒಳ್ಳೆಯದು. ಆದರೆ ಅದು ಅಳೆಯುವುದು ವಿಜ್ಞಾನಿ ಅಂದರೆ ಯಾರು ಅನ್ನೋ ಕಲ್ಪನೆಯನ್ನು, ಆಸಕ್ತಿಯನ್ನಲ್ಲ. ಹಾಗೇ "ದೊಡ್ಡವಳಾದ ಮೇಲೆ ಏನಾಗ್ತೀಯಾ?" ಅನ್ನೋದೂ ಬೇರೆ ಪ್ರಶ್ನೆ. ಆಗ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿದ್ದ ಲೂಯಿಸ್ ಆರ್ಚರ್ ಮತ್ತು ತಂಡ ಹತ್ತರಿಂದ ಹದಿನಾಲ್ಕು ವಯಸ್ಸಿನ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಕೇಳಿದಾಗ, ವಿಜ್ಞಾನ ಇಷ್ಟ ಅಂದವರು ಬಹಳ, ವಿಜ್ಞಾನಿ ಆಗುತ್ತೇನೆ ಅಂದವರು ಶೇ 15ರ ಆಸುಪಾಸು.

ಇನ್ನು ವರದಿ. ಜೂನ್‌ನಲ್ಲಿ ನೀವು ಏನನ್ನೂ ಅಳೆದಿಲ್ಲ. ಹಾಗಾಗಿ 'ಎಷ್ಟು ಹೆಚ್ಚಾಯಿತು' ಅನ್ನೋದಕ್ಕೆ ನಿಮ್ಮ ಹತ್ತಿರ ಉತ್ತರ ಇಲ್ಲ, ಅದನ್ನು ಹಾಗೇ ಬರೆಯಿರಿ. ಆದರೆ ವ್ಯಾನ್ ತಿಂಗಳಿಗೆ ಎರಡೇ ಸಲ ಬರುವುದು ನಿಮಗೆ ಅನುಕೂಲ. ವ್ಯಾನ್ ಬಂದ ವಾರ, ಬಾರದ ವಾರ ಅಂತ ಡಬ್ಬಿಯ ಲೆಕ್ಕ ಬೇರೆ ಇಡಿ. ವ್ಯಾನ್ ತೋರಿಸಿದ ವಿಷಯದ ಬಗ್ಗೆ ಹತ್ತು ದಿನ ಆದಮೇಲೂ ಚೀಟಿ ಬರುತ್ತಿದೆಯಾ ನೋಡಿ. ಶೇಕಡಾದಲ್ಲಿ ಬರೆಯಬೇಡಿ. 41 ಮಕ್ಕಳಲ್ಲಿ ಒಂದು ಮಗು ಅಂದರೆ ಶೇ 2.4. ಆವತ್ತು ಇಬ್ಬರಿಗೆ ಜ್ವರ ಬಂದು ಮನೆಯಲ್ಲಿದ್ದರೆ ಆಸಕ್ತಿ ಶೇ 5 ಕುಸಿದಂತೆ ಕಾಣುತ್ತದೆ. "ಫೆಬ್ರವರಿಯಲ್ಲಿ ಇಷ್ಟು ಬೇರೆ ಬೇರೆ ಮಕ್ಕಳಿಂದ ಇಷ್ಟು ಚೀಟಿ ಬಂದವು, ಅದರಲ್ಲಿ ಮೂರನೇ ಗುಡ್ಡೆಯವು ಇಷ್ಟು, ಊಟದ ಹೊತ್ತಿನ ಮೇಜಿಗೆ ಮೂರಕ್ಕಿಂತ ಹೆಚ್ಚು ಸಲ ಬಂದವರು ಇಷ್ಟು ಮಂದಿ" ಅಂತ ಬರೆದು, ಕೆಳಗೆ ಐದಾರು ಚೀಟಿಗಳನ್ನು ಮಕ್ಕಳ ಕಾಗುಣಿತದಲ್ಲೇ ಹಚ್ಚಿ. ಸಂಸ್ಥೆಯವರು ಶೇಕಡಾವನ್ನೇ ಕೇಳಿದರೆ ಆ ಚೀಟಿಗಳನ್ನು ಓದಿ ಹೇಳಿ.

ನಗುಮುಖದ ಹಾಳೆಗಳನ್ನು ಎಸೆಯಬೇಡಿ. 39 ಹಾಳೆಗಳನ್ನು ಕಟ್ಟಿ ಬೀರುವಿನಲ್ಲಿಡಿ. ಉಳಿದ ಎರಡನ್ನು ಹೊರಗೆ ತೆಗೆಯಿರಿ. ಎಲ್ಲರೂ ದೊಡ್ಡ ನಗುವಿಗೆ ಟಿಕ್ ಹಾಕುತ್ತಿದ್ದಾಗ, ನೀವು ಎದುರಿಗೆ ನಿಂತಿದ್ದಾಗ, ಆ ಇಬ್ಬರು ಬೇರೆ ಮುಖ ಆರಿಸಿದ್ದಾರೆ. ಅವರನ್ನು ಬೇರೆ ಬೇರೆಯಾಗಿ, ಊಟ ಆದಮೇಲೆ ಮರದ ಕೆಳಗೆ ಕೂರಿಸಿಕೊಂಡು ಮಾತಾಡಿಸಿ. "ಯಾಕೆ ಇಷ್ಟ ಇಲ್ಲ?" ಅಂತ ಕೇಳಬೇಡಿ. ಮನೆಗೆ ಹೋದಮೇಲೆ ಏನು ಮಾಡ್ತೀಯಾ ಅಂತ ಶುರು ಮಾಡಿ.